ಮಿಲಾನಿನ ಮೆಟ್ಟು, ಅಥಣಿಯ ಕೈ

ಇಸವಿ ೨೦೨೫ರ ಜೂನ್ ತಿಂಗಳ ೨೨ನೆಯ ದಿನ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಸಿದ್ಧ ಉಡುಪಿನ ಸಂಸ್ಥೆಯು, ಮರುವರ್ಷದ ವಸಂತ ಗ್ರೀಷ್ಮಗಳಿಗೆಂದು ರಚಿಸಿದ ಪುರುಷರ ಉಡುಗೆಗಳನ್ನು ಪ್ರದರ್ಶಿಸಿತು. ಆ ವಿನ್ಯಾಸಗಳ ಕರ್ತೃಗಳು ಇಬ್ಬರು. ಒಬ್ಬರು, ೧೯೧೩ರಲ್ಲಿ ಆ ಅಂಗಡಿಯನ್ನು ಸ್ಥಾಪಿಸಿದ ಮಾರಿಯೋ ಪ್ರಾಡಾನ ಮೊಮ್ಮಗಳಾದ ಶ್ರೀಮತಿ ಮಿಯುಚ್ಚಾ ಪ್ರಾಡಾ. ಇನ್ನೊಬ್ಬರು, ೨೦೨೦ರಿಂದ ಆಕೆಗೆ ಜೊತೆಗಾರರಾಗಿ ನಿಂತ ಬೆಲ್ಜಿಯಂ ದೇಶದ ರಾಫ್ ಸೈಮನ್ಸ್. ರ‍್ಯಾಂಪ್ ಎಂದು ಪೇಟೆಯವರು ಕರೆಯುವ ಆ ವೇದಿಕೆಯ ಮೇಲೆ ನಡೆದು ಬಂದ ತರುಣರಲ್ಲಿ ಹಲವರ ಕಾಲಲ್ಲಿದ್ದ ಪಾದರಕ್ಷೆಯನ್ನು ಬೆಳಗಾವಿ ಸೀಮೆಯ ಯಾವ ರೈತನಾದರೂ ನೋಡಿದೊಡನೆಯೇ ಗುರುತಿಸಿಯಾನು. ಚಪ್ಪಟೆಯಾದ ಅಟ್ಟೆ, ಹೆಬ್ಬೆರಳಿಗೊಂದು ಉಂಗುರ, ಪಾದದ ಮೇಲೆ ಹಾಯುವ ತೊಗಲಿನ ಪಟ್ಟಿ, ನಡುವೆ ಹೆಣೆದ ಜಡೆ. ಲೋಕವು ಕೊಲ್ಹಾಪುರಿಯೆಂದು ಕರೆಯುವ, ಅಥಣಿ ನಿಪ್ಪಾಣಿಗಳ ಮನೆಮನೆಗಳಲ್ಲಿ ತಲೆಮಾರುಗಳಿಂದ ತಯಾರಾಗುವ ಮೆಟ್ಟದು. ಆದರೆ ಪ್ರದರ್ಶನದ ವಿವರಣೆಯಲ್ಲಿ ಅದಕ್ಕೆ ದೊರೆತ ಹೆಸರು ತೊಗಲಿನ ಪಾದರಕ್ಷೆ ಎಂಬಷ್ಟೇ. ಕೊಲ್ಹಾಪುರವೆಂಬ ಮಾತಿರಲಿಲ್ಲ, ಅಥಣಿಯೆಂಬ ಮಾತಿರಲಿಲ್ಲ, ಭಾರತವೆಂಬ ಮಾತೂ ಇರಲಿಲ್ಲ.

ಇದಾದ ಕೂಡಲೇ ವಿದ್ಯಾವಂತರಲ್ಲಿ ಎರಡು ಪಕ್ಷಗಳು ಎದ್ದವು. ಮಹಾನಗರಗಳಲ್ಲಿ ಮಾತ್ರವೇ ಅಲ್ಲ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜಗಲಿಗಳಲ್ಲಿಯೂ ಈ ಎರಡು ಪಕ್ಷಗಳ ಮಾತು ಕೇಳಿಬರುತ್ತದೆ. ಮೊದಲನೆಯ ಪಕ್ಷದವರು ಹಿಗ್ಗುವವರು. ಹಳ್ಳಿಯ ಕೆರವು ಮಿಲಾನಿನ ವೇದಿಕೆಯನ್ನೇರಿತು, ಇದಕ್ಕಿಂತ ಹೆಚ್ಚಿನ ಮನ್ನಣೆ ಮತ್ತೇನು ಬೇಕು, ಕಲೆಗೆ ಒಡೆಯನೆಲ್ಲಿ, ಎಂಬುದು ಅವರ ವಾದ. ಎರಡನೆಯವರು ಕೆರಳುವವರು. ಪರದೇಶದವರು ಭರತಖಂಡದ ಸೊತ್ತನ್ನು ಕದ್ದರು, ಬಿಳಿಯರ ಹಳೆಯ ಚಾಳಿ ಇನ್ನೂ ಹೋಗಿಲ್ಲ, ಎಂಬುದು ಅವರ ಕೂಗು. ಹಿಗ್ಗುವವರು ಕೃತಿಯನ್ನು ಅಳೆಯುವ ಗೋಜಿಗೇ ಹೋಗುವುದಿಲ್ಲ. ಕೆರಳುವವರು ಅಳತೆಗೋಲನ್ನು ಪರರ ಕಡೆಗೆ ಮಾತ್ರ ಚಾಚುತ್ತಾರೆ. ಇವೆರಡೂ ವಿಮರ್ಶೆಯೆನಿಸಲಾರವು. ವಿನ್ಯಾಸಕಾರನೊಬ್ಬನ ಕೃತಿಯನ್ನು ಹೇಗೆ ತೂಗಬೇಕು, ಅದರ ಪ್ರಭಾವವು ಉಳಿಯತಕ್ಕದ್ದೋ ಅಳಿಯತಕ್ಕದ್ದೋ ಎಂಬುದನ್ನು ಯಾವುದರಿಂದ ತಿಳಿಯಬೇಕು, ಎಂಬ ಪ್ರಶ್ನೆಗೆ ಎರಡು ಪಕ್ಷದವರಲ್ಲಿಯೂ ಉತ್ತರವಿಲ್ಲ.

ಉತ್ತರವನ್ನು ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಒಬ್ಬನ ಕೃತಿಯಲ್ಲಿ ಇನ್ನೊಬ್ಬನ ಕೃತಿಯ ಹೋಲಿಕೆ ಕಂಡರೆ ಅದು ದೋಷವೋ ಅಲ್ಲವೋ ಎಂಬ ವಿಚಾರವನ್ನು ಭಾರತದ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ಕೂಲಂಕಷವಾಗಿ ನಡೆಯಿಸಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದನು. ಮೊದಲನೆಯದು ಕನ್ನಡಿಯೊಳಗಿನ ಪ್ರತಿಬಿಂಬದಂಥದು; ಅದಕ್ಕೆ ಸ್ವಂತದ ಆತ್ಮವಿಲ್ಲ. ಎರಡನೆಯದು ಚಿತ್ರಪಟದಂಥದು, ಅದರಲ್ಲಿ ಆತ್ಮವು ಇದ್ದರೂ ಅಲ್ಪ. ಮೂರನೆಯದು ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಹೋಲುವಂಥದು. ಕಣ್ಣು ಮೂಗುಗಳಲ್ಲಿ ಸಾಮ್ಯವಿದ್ದರೂ ಇಬ್ಬರಿಗೂ ಬೇರೆ ಬೇರೆ ಜೀವವಿದೆ. ಮೊದಲ ಎರಡನ್ನು ಕವಿಯು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ, ಎಂಬುದು ಆತನ ನಿರ್ಣಯ. ಅವನ ಅನಂತರ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಈ ವಿಚಾರವನ್ನು ಇನ್ನೂ ವಿಸ್ತರಿಸಿ, ಶಬ್ದವನ್ನು ಎತ್ತಿಕೊಳ್ಳುವುದು, ಅರ್ಥವನ್ನು ಎತ್ತಿಕೊಳ್ಳುವುದು ಎಂದು ಹರಣದ ಭೇದಗಳನ್ನೇ ಎಣಿಸಿದ್ದಾನೆ. ಎರವಲನ್ನು ಪೂರ್ತಿಯಾಗಿ ನಿಷೇಧಿಸುವಷ್ಟು ಅರಸಿಕರೂ ಅವರಲ್ಲ, ಎಲ್ಲ ಎರವಲನ್ನೂ ಕಲೆಯೆಂದು ಒಪ್ಪುವಷ್ಟು ಸಡಿಲರೂ ಅವರಲ್ಲ.

ಈ ಅಳತೆಗೋಲನ್ನು ಮೊದಲು ಶ್ರೀಮತಿ ಪ್ರಾಡಾ ಅವರ ಹಿಂದಿನ ಕೃತಿಗಳಿಗೆ ಹಿಡಿದು ನೋಡುವುದು ನ್ಯಾಯ. ಆಕೆ ಸಾಮಾನ್ಯಳಲ್ಲ. ಸೈನ್ಯದ ಡೇರೆಗಳಂಥ ಒರಟು ಉಪಯೋಗಕ್ಕೆ ಮೀಸಲಾಗಿದ್ದ ನೈಲಾನ್ ಬಟ್ಟೆಯಿಂದ ೧೯೮೦ರ ದಶಕದಲ್ಲಿ ಬೆನ್ನಿಗೆ ತಗುಲಿಸುವ ಕಪ್ಪು ಚೀಲವನ್ನು ಮಾಡಿಸಿ, ರೇಷ್ಮೆ ತೊಗಲುಗಳೇ ಸಿರಿತನದ ಗುರುತೆಂದು ನಂಬಿದ್ದ ಪೇಟೆಯ ಬುದ್ಧಿಯನ್ನು ತಿರುಗಿಸಿದವರು ಆಕೆ. ೧೯೯೬ರ ವಸಂತಕ್ಕೆಂದು ತೋರಿಸಿದ ಉಡುಗೆಗಳಲ್ಲಿ, ಕುರೂಪವೆಂದು ಜನ ತಳ್ಳಿದ್ದ ಹಸಿರು ಕಂದು ಬಣ್ಣಗಳನ್ನೂ ಅಡುಗೆಮನೆಯ ಪರದೆಯಂಥ ಚಿತ್ತಾರಗಳನ್ನೂ ತಂದು, ಚೆಲುವೆಂದರೇನು ಎಂಬ ಪ್ರಶ್ನೆಯನ್ನೇ ಹೊಸದಾಗಿ ಎತ್ತಿದರು. ಇಂದು ಲೋಕದ ಯಾವ ಊರಿನಲ್ಲಿ ನೋಡಿದರೂ ಹೆಗಲಿನಲ್ಲಿ ನೈಲಾನ್ ಚೀಲ ಕಾಣುತ್ತದೆ. ಒಂದು ವಸ್ತುವನ್ನು ಅದರ ಹಳೆಯ ಜಾಗದಿಂದ ಎತ್ತಿ ಹೊಸ ಅರ್ಥವನ್ನು ತುಂಬಿದ ಈ ಕೆಲಸವು ಆನಂದವರ್ಧನನ ಮೂರನೆಯ ವರ್ಗಕ್ಕೆ ಸೇರತಕ್ಕದ್ದು. ಅಲ್ಲಿ ಹೋಲಿಕೆಯುಂಟು, ಆದರೆ ಜೀವವು ಬೇರೆ. ಇಂಥ ಪ್ರಭಾವವು ಋತುವಿನೊಡನೆ ಕಳೆದುಹೋಗುವಂಥದಲ್ಲ.

ಇನ್ನು ೨೦೨೫ರ ಮೆಟ್ಟಿಗೆ ಬರೋಣವೆಂದರೆ, ಮೂಲದ ವಸ್ತುವು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯದೆ ತೀರ್ಪು ಕೊಡಲಾಗದು. ಎಮ್ಮೆ ಕೋಣಗಳ ತೊಗಲನ್ನು ಸುಣ್ಣದಲ್ಲಿ ನೆನೆಯಿಸಿ ಕೂದಲನ್ನು ತೆಗೆದು, ಜಾಲಿಯ ಚಕ್ಕೆ ಮತ್ತು ಅಳಲೆಕಾಯಿಗಳ ಕಷಾಯದಲ್ಲಿ ದಿನಗಟ್ಟಲೆ ಹದಮಾಡುತ್ತಾರೆ. ಆ ಹದದಿಂದಲೇ ತೊಗಲಿಗೆ ಜೇನಿನ ಬಣ್ಣವೂ ಗಟ್ಟಿತನವೂ ಬರುತ್ತವೆ. ಅಟ್ಟೆಯನ್ನು ಕೊಯ್ಯುವ ಬಿರುಸಿನ ಕೆಲಸವು ಬಹುಮಟ್ಟಿಗೆ ಗಂಡಸರದು; ಜಡೆಯನ್ನು ಹೆಣೆಯುವ, ಚಿತ್ತಾರದ ತೂತುಗಳನ್ನು ಕೊರೆಯುವ ನಯದ ಕೆಲಸವು ಹೆಂಗಸರದು. ಸಾಂಪ್ರದಾಯಿಕ ಜೋಡಿನಲ್ಲಿ ಮೊಳೆಯಿಲ್ಲ. ತೊಗಲಿನ ದಾರವೇ ತೊಗಲನ್ನು ಹಿಡಿದಿರುತ್ತದೆ. ಬಿಸಿಲಿನ ಬಯಲುಸೀಮೆಯಲ್ಲಿ ಕಾಲು ಬೆವರದಂತೆ, ಕಲ್ಲು ಮುಳ್ಳುಗಳು ನಾಟದಂತೆ, ಮೆಟ್ಟಿದಷ್ಟೂ ಮೆಟ್ಟಿದವನ ಪಾದಕ್ಕೇ ಹೊಂದುವಂತೆ, ಎಷ್ಟೋ ತಲೆಮಾರುಗಳ ಅನುಭವವು ಸೇರಿ ಆ ಆಕಾರವನ್ನು ತಿದ್ದಿದೆ. ಈ ಆಕಾರದಲ್ಲಿ ಮಿಲಾನಿನವರು ಬದಲಾಯಿಸಿದ್ದೇನು? ಹೊಸ ಅರ್ಥವೇನನ್ನು ಸೇರಿಸಿದರು? ನೈಲಾನನ್ನು ಡೇರೆಯಿಂದ ಬಿಡಿಸಿ ತಂದಂತೆ ಈ ಮೆಟ್ಟನ್ನು ಯಾವ ಹೊಸ ಬಾಳಿಗೆ ತಂದರು? ಬಯಲಿನಿಂದ ಎತ್ತಿ ವೇದಿಕೆಯ ಮೇಲೆ ಇಟ್ಟರು, ಅಷ್ಟೇ. ಕನ್ನಡಿಯನ್ನು ಬೇರೊಂದು ಕೋಣೆಗೆ ಸಾಗಿಸಿದ ಮಾತ್ರಕ್ಕೆ ಅದರೊಳಗಿನ ಬಿಂಬಕ್ಕೆ ಪ್ರಾಣವು ಬಂದೀತೆ? ಆದುದರಿಂದ ಉಳಿದ ಉಡುಗೆಗಳ ಗುಣವು ಹೇಗೇ ಇರಲಿ, ಈ ಪಾದರಕ್ಷೆಯ ಮಟ್ಟಿಗೆ ಆ ಸಂಗ್ರಹವು ಮೊದಲನೆಯ ವರ್ಗದ್ದೇ, ಎಂದರೆ ಪ್ರತಿಬಿಂಬವೇ, ಎಂದು ಹೇಳದೆ ವಿಧಿಯಿಲ್ಲ.

ಇಲ್ಲಿ ಹಿಗ್ಗುವವರು ಒಂದು ಆಕ್ಷೇಪವನ್ನು ತರುತ್ತಾರೆ. ಭಾರತೀಯರು ಕೋಟು ಷರಾಯಿಗಳನ್ನು ತೊಟ್ಟಾಗ ಲಂಡನ್ನಿನ ದರ್ಜಿಯ ಅಪ್ಪಣೆಯನ್ನು ಕೇಳಿದರೇ, ಪರಸ್ಪರ ಕೊಡು-ಕೊಳ್ಳುವಿಕೆಯಿಂದಲೇ ಉಡುಗೆಯ ಚರಿತ್ರೆ ಬೆಳೆದಿಲ್ಲವೇ, ಎಂದು. ಕೇಳಲು ಇದು ಯುಕ್ತವಾಗಿಯೇ ಇದೆ. ಆದರೆ ತೊಡುವವನ ಎರವಲು ಬೇರೆ, ಮಾರುವವನ ಎರವಲು ಬೇರೆ. ಹೊನ್ನಾಳಿಯ ವಕೀಲರು ಕೋಟನ್ನು ತೊಟ್ಟರೆ, ಅದನ್ನು ತಾವೇ ನಿರ್ಮಿಸಿದ ಹೊಸ ವಿನ್ಯಾಸವೆಂದು ಲಂಡನ್ನಿನಲ್ಲಿ ಮಾರಾಟಕ್ಕೆ ಇಡುವುದಿಲ್ಲ. ವಿನ್ಯಾಸಕಾರನು ಮಾರುವುದು ತೊಗಲನ್ನಲ್ಲ, ತನ್ನ ಹೆಸರನ್ನು. ಅವನ ಬೆಲೆಯೆಲ್ಲ ಕರ್ತೃತ್ವದ ಬೆಲೆ. ತನ್ನ ಹೆಸರಿನ ಮುದ್ರೆಯಿರುವ ಚೀಲವನ್ನು ಬೇರೊಬ್ಬನು ನಕಲುಮಾಡಿದರೆ ಅವನನ್ನು ನ್ಯಾಯಾಲಯಕ್ಕೆ ಎಳೆಯುವ ವ್ಯಾಪಾರವು, ಪರರ ಕೈಯ ಕೆಲಸವು ಎದುರಿಗೆ ಬಂದಾಗ ಮಾತ್ರ ಕಲೆಗೆ ಒಡೆಯನಿಲ್ಲವೆಂದು ವೇದಾಂತವನ್ನು ನುಡಿಯುವುದು ಯಾವ ನ್ಯಾಯ?

ತಿಳಿಯದೆ ಆದದ್ದು ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಇದೇ ಶ್ರೀಮತಿ ಪ್ರಾಡಾ ಅವರು ೨೦೧೦ರಲ್ಲಿ ಇಂಥಿಂಥ ದೇಶದಲ್ಲಿ ತಯಾರಾದದ್ದು ಎಂದು ಊರಿನ ಹೆಸರನ್ನೇ ಪಟ್ಟಿಯ ಮೇಲೆ ಹೊಲಿಸಿದ ಒಂದು ಮಾಲಿಕೆಯನ್ನು ಹೊರತಂದಿದ್ದರು. ಸ್ಕಾಟ್ಲೆಂಡಿನ ಉಣ್ಣೆಯ ಕಿಲ್ಟು, ಜಪಾನಿನ ಡೆನಿಮ್ ಬಟ್ಟೆ, ಪೆರು ದೇಶದ ಅಲ್ಪಾಕ ಉಣ್ಣೆ, ಭಾರತದ ಚಿಕನ್ ಕಸೂತಿ ಇವೆಲ್ಲವೂ ತಮ್ಮ ತಮ್ಮ ದೇಶದ ಹೆಸರಿನೊಡನೆ ಪ್ರಾಡಾ ಹೆಸರಿನ ಪಕ್ಕದಲ್ಲಿ ನಿಂತಿದ್ದವು. ಯೌವನದಲ್ಲಿ ರಾಜಕೀಯಶಾಸ್ತ್ರವನ್ನು ವ್ಯಾಸಂಗಮಾಡಿ ಡಾಕ್ಟರೇಟ್ ಪಡೆದು, ಕಮ್ಯೂನಿಸ್ಟ್ ಪಕ್ಷದಲ್ಲಿಯೂ ಸ್ತ್ರೀಯರ ಹಕ್ಕಿನ ಚಳವಳಿಯಲ್ಲಿಯೂ ಓಡಾಡಿದ ವಿದುಷಿ ಆಕೆ. ದುಡಿಯುವ ಕೈಗೆ ಹೆಸರಿರುತ್ತದೆ ಎಂಬ ತತ್ತ್ವವನ್ನು ಆಕೆಗೆ ಯಾರೂ ಬೋಧಿಸಬೇಕಾಗಿಲ್ಲ. ಹದಿನೈದು ವರ್ಷಗಳ ಹಿಂದೆ ತಾವೇ ಮಾಡಿ ತೋರಿಸಿದ ಮರ್ಯಾದೆಯನ್ನು ೨೦೨೫ರಲ್ಲಿ ಆ ಸಂಸ್ಥೆಯು ಬಿಟ್ಟಿತು. ಅಜ್ಞಾನಿಯ ತಪ್ಪಿಗಿಂತ ಬಲ್ಲವರ ಮರೆವು ಹೆಚ್ಚು ಆಕ್ಷೇಪಾರ್ಹವಲ್ಲವೇ?

ಕಾಯಿದೆಯು ಏನು ಮಾಡಿತೆಂದು ಕೆಲವರು ಕೇಳಬಹುದು. ಕೊಲ್ಹಾಪುರಿ ಪಾದರಕ್ಷೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯು ದೊರೆತಿದೆ. ಅದು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೆ ಎಷ್ಟು ಸಲ್ಲುತ್ತದೆಯೋ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅಷ್ಟೇ ಸಲ್ಲುತ್ತದೆ. ನಾಲ್ಕಕ್ಕೆ ನಾಲ್ಕು ಸಮ. ಮಿಲಾನಿನ ಸುದ್ದಿಯೊಡನೆ ಎಲ್ಲೆಲ್ಲಿಯೂ ಮಹಾರಾಷ್ಟ್ರದ ಹೆಸರೊಂದೇ ಕೇಳಿಬಂದಾಗ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನೂ ಮರೆಯಬಾರದೆಂದು ಕರ್ನಾಟಕದ ಸಚಿವರಾದ ಪ್ರಿಯಾಂಕ್ ಖರ್ಗೆ ಅವರು ನೆನಪುಮಾಡಬೇಕಾಯಿತು. ಆದರೆ ೧೯೯೯ರ ಆ ಕಾಯಿದೆಯು ಕಾಯುವುದು ಮುಖ್ಯವಾಗಿ ಹೆಸರನ್ನು, ಅದೂ ಭಾರತದ ಎಲ್ಲೆಯೊಳಗೆ. ಹೆಸರನ್ನು ಬಿಟ್ಟು ಆಕಾರವನ್ನು ಮಾತ್ರ ಕೊಂಡೊಯ್ದವನಿಗೆ ಅದು ತಾಗುವುದು ಕಷ್ಟ. ಹೆಸರನ್ನು ಹೇಳಿದ್ದರೆ ಅಪರಾಧವಾಗಬಹುದಾಗಿತ್ತು. ಹೇಳದೆ ಹೋದುದರಿಂದ ನಿರಪರಾಧ! ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಹೋದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೂ, ಅರ್ಜಿದಾರರು ಆ ಮುದ್ರೆಯ ನೋಂದಾಯಿತ ಒಡೆಯರಲ್ಲವೆಂಬ ಕಾರಣದಿಂದ ೨೦೨೫ರ ಜುಲೈ ತಿಂಗಳಲ್ಲಿ ವಜಾ ಆಯಿತು. ಕಾಯಿದೆಯು ಮೌನವಾದೆಡೆ ವಿಮರ್ಶೆಯು ಮಾತಾಡಬೇಕು. ಅದಕ್ಕೆಂದೇ ವಿಮರ್ಶೆ ಇರುವುದು.

ಹೆಸರು ಹೋದರೆ ಹೋಗುವುದೇನು ಎಂದು ಉದಾಸೀನ ಮಾಡುವವರು ಪೈಸ್ಲಿಯ ಕಥೆಯನ್ನು ನೆನೆಯಬೇಕು. ಕಾಶ್ಮೀರದ ಶಾಲುಗಳ ಮೇಲಿನ ಮಾವಿನಕಾಯಿಯ ಚಿತ್ತಾರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನ ಮಗ್ಗಗಳು ಅನುಕರಿಸಿ ಅಗ್ಗವಾಗಿ ನೇಯ್ದವು. ಕಾಲಕ್ರಮದಲ್ಲಿ ಆ ಚಿತ್ತಾರಕ್ಕೇ ಪೈಸ್ಲಿಯೆಂದು ಹೆಸರಾಯಿತು. ಇಂದು ಕನ್ನಡನಾಡಿನ ಸೀರೆಯ ಅಂಗಡಿಯಲ್ಲಿಯೂ ಮಾವಿನಕಾಯಿ ಅಂಚನ್ನು ಪೈಸ್ಲಿ ಎಂದು ತೋರಿಸುವ ಗುಮಾಸ್ತರಿದ್ದಾರೆ. ನೇಯ್ದ ಕಾಶ್ಮೀರಿಯ ಊರು ಹೋಯಿತು, ನಕಲುಮಾಡಿದವನ ಊರು ಉಳಿಯಿತು. ಶಾಶ್ವತವಾದ ಪ್ರಭಾವವೆಂದರೆ ಇಂಥದೂ ಒಂದುಂಟು. ಪ್ರಭಾವವು ಉಳಿಯಿತೆಂಬ ಮಾತ್ರಕ್ಕೆ ಅದು ಪುರಸ್ಕಾರಯೋಗ್ಯವಾಗುವುದಿಲ್ಲ. ಉಳಿದದ್ದು ಯಾರ ಹೆಸರು, ಬಾಡಿದ್ದು ಯಾರ ಮನೆ, ಎಂಬುದನ್ನೂ ಕೇಳಬೇಕು.

ಇದಕ್ಕೆ ಪ್ರತಿಯಾಗಿ ಮಂಗಳೂರಿನಲ್ಲಿ ೧೯೦೩ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯಬಹುದು. ಆಕೆ ಒಂದು ರವಕೆಯನ್ನೂ ತಮ್ಮ ಹೆಸರಿನಲ್ಲಿ ಮಾರಲಿಲ್ಲ, ಯಾವ ವೇದಿಕೆಯ ಮೇಲೂ ಸಂಗ್ರಹವನ್ನು ತೋರಿಸಲಿಲ್ಲ. ೧೯೫೨ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಲಿಯ ಮುಖ್ಯಸ್ಥೆಯಾಗಿ ದೇಶವನ್ನೆಲ್ಲ ಸುತ್ತಿ, ನಿಂತುಹೋಗುತ್ತಿದ್ದ ಕಸುಬುಗಳಿಗೆ ಕೆಲಸವನ್ನೂ ಮಾರಾಟದ ಮಳಿಗೆಗಳನ್ನೂ ಒದಗಿಸಿದರು. ೧೯೮೮ರಲ್ಲಿ ಆಕೆ ತೀರಿಕೊಂಡಾಗ ಉಡುಗೆಯ ಲೋಕಕ್ಕೆ ಬಿಟ್ಟುಹೋದದ್ದು ಒಂದು ಬಗೆಯ ಕತ್ತರಿಕೆಯನ್ನಲ್ಲ, ಕೆಲಸ ಬಲ್ಲ ಕೈಗಳನ್ನು. ಇಂದಿನ ವಿನ್ಯಾಸಕಾರರು ಅಂಗಡಿಯಲ್ಲಿ ಕೈಮಗ್ಗದ ಬಟ್ಟೆಯನ್ನು ಬೇಡಿದಾಗ ಅದು ಸಿಗುವುದಕ್ಕೆ ಆಕೆಯಂಥವರ ದುಡಿಮೆಯು ಕಾರಣ. ಇದರಿಂದ ಒಂದು ಸರಳವಾದ ಒರೆಗಲ್ಲು ದೊರೆಯುತ್ತದೆ. ಪ್ರದರ್ಶನವು ಮುಗಿದು ದೀಪಗಳು ಆರಿದ ಮೇಲೆ, ಆ ವಸ್ತುವನ್ನು ಮಾಡಬಲ್ಲ ಕೈಯ ಹೆಸರು, ಕೂಲಿ, ವಿದ್ಯೆ ಈ ಮೂರೂ ಮುಂಚಿಗಿಂತ ಗಟ್ಟಿಯಾದುವೋ ಸಡಿಲವಾದುವೋ? ಗಟ್ಟಿಯಾಗಿದ್ದರೆ ವಿನ್ಯಾಸಕಾರನು ದೊಡ್ಡವನು. ಇಲ್ಲದಿದ್ದರೆ ಅವನು ಎಷ್ಟೇ ಚಪ್ಪಾಳೆಯನ್ನು ಗಳಿಸಲಿ, ಋತುವಿಗೊಬ್ಬನಂತೆ ಬಂದುಹೋಗುವ ವ್ಯಾಪಾರಿ.

ಈ ಒರೆಗಲ್ಲಿಗೆ ಪ್ರಾಡಾ ಸಂಸ್ಥೆಯ ಮುಂದಿನ ನಡೆವಳಿಯನ್ನೂ ತಿಕ್ಕಬೇಕು, ಇಲ್ಲವಾದರೆ ಪಕ್ಷಪಾತವಾದೀತು. ಗದ್ದಲವೆದ್ದ ಕೆಲವೇ ದಿನಗಳಲ್ಲಿ ಶ್ರೀಮತಿ ಪ್ರಾಡಾ ಅವರ ಮಗನಾದ ಲೊರೆಂಜೊ ಬರ್ಟೆಲ್ಲಿ ಅವರು ಮಹಾರಾಷ್ಟ್ರದ ವಾಣಿಜ್ಯ ಮಂಡಲಕ್ಕೆ ಪತ್ರವನ್ನು ಬರೆದು, ಆ ಮೆಟ್ಟಿಗೆ ಭಾರತದ ಪುರಾತನವಾದ ಕೈಕಸುಬೇ ಸ್ಫೂರ್ತಿಯೆಂದು ಒಪ್ಪಿಕೊಂಡರು. ೨೦೨೫ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಎರಡು ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವೂ ಆಯಿತು. ಈ ಎರಡು ರಾಜ್ಯಗಳಲ್ಲಿ ೨೦೦೦ ಜೊತೆ ಪಾದರಕ್ಷೆಗಳನ್ನು ಮಾಡಿಸಿ, ೨೦೨೬ರ ಫೆಬ್ರವರಿಯಿಂದ ಲೋಕದ ೪೦ ಪ್ರಾಡಾ ಅಂಗಡಿಗಳಲ್ಲಿ ಜೊತೆಯೊಂದಕ್ಕೆ ಸುಮಾರು ೮೦೦ ಯೂರೋಗಳಂತೆ ಮಾರುವುದಾಗಿಯೂ, ಕುಶಲಕರ್ಮಿಗಳಿಗೆ ತರಬೇತಿಯನ್ನು ಕೊಡುವುದಾಗಿಯೂ ಪ್ರಕಟಿಸಿದರು. ತಪ್ಪನ್ನು ತಿದ್ದಿಕೊಳ್ಳಲು ಮುಂದೆ ಬಂದದ್ದು ಸಣ್ಣ ಗುಣವಲ್ಲ, ಅದನ್ನು ಮೆಚ್ಚತಕ್ಕದ್ದೇ. ಆದರೆ ಮೆಚ್ಚಿಗೆಯಲ್ಲಿ ಕಣ್ಣು ಮುಚ್ಚಬಾರದು. ೨೦೦೦ ಜೊತೆಗೆ ೮೦೦ ಯೂರೋದಂತೆ ಲೆಕ್ಕ ಹಾಕಿದರೆ ೧೬ ಲಕ್ಷ ಯೂರೋಗಳು. ಅದರಲ್ಲಿ ಜಡೆ ಹೆಣೆದ ಹೆಂಗಸಿಗೆ ಸಲ್ಲುವ ಪಾಲೆಷ್ಟು? ಪೆಟ್ಟಿಗೆಯ ಮೇಲೆ ಅಥಣಿಯ ಹೆಸರಿದೆಯೇ? ಎರಡು ಸಾವಿರದ ಎಣಿಕೆಯು ತೀರಿದ ಮೇಲೆ ಮರುವರ್ಷ ಏನು? ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಶ್ರೀಮತಿ ಪ್ರಾಡಾ ಅವರ ಈ ಸಂಗ್ರಹದ ಚಿರಪ್ರಭಾವವು ನಿರ್ಣಯವಾಗಬೇಕು. ಒಂದು ಕಂತನ್ನು ಕಟ್ಟಿದವನನ್ನು ಋಣಮುಕ್ತನೆಂದು ಯಾವ ಶಾನುಭೋಗನೂ ಬರೆದುಕೊಡುವುದಿಲ್ಲ.

ಹಿಗ್ಗುವವರ ಮಾತು ಇಷ್ಟಕ್ಕಿರಲಿ. ಇನ್ನು ಕೆರಳುವವರ ಸರದಿ. ಮಿಲಾನಿನವರು ಮಾಡಿದವನ ಹೆಸರನ್ನು ಹೇಳಲಿಲ್ಲವೆಂದು ಕಿಡಿಕಾರುವ ಮನೆಗಳಲ್ಲಿ, ತಮ್ಮ ಹೊಸ್ತಿಲಲ್ಲಿ ಬಿಟ್ಟ ಮೆಟ್ಟನ್ನು ಮಾಡಿದವನ ಹೆಸರು ಎಷ್ಟು ಜನಕ್ಕೆ ಗೊತ್ತಿದೆ? ಕೆಲವು ನೂರು ರೂಪಾಯಿಗಳ ಜೋಡಿನ ಮೇಲೆ ಐವತ್ತು ರೂಪಾಯಿ ಕಡಿಮೆಮಾಡೆಂದು ಚೌಕಾಸಿ ನಡೆಯಿಸುವವರೇ ಅಲ್ಲವೇ ಮಿಲಾನಿನ ಬೆಲೆಯನ್ನು ಕೇಳಿ ಶೋಷಣೆಯೆಂದು ಕೂಗಿದವರು? ಅದಂತಿರಲಿ, ಹಳ್ಳಿಗಳ ಹಳೆಯ ಕಥೆಯನ್ನು ನೋಡಿದರೆ ಇನ್ನೂ ತಲೆ ತಗ್ಗಿಸಬೇಕಾಗುತ್ತದೆ. ಬಾವಿಯ ನೀರೆತ್ತುವ ತೊಗಲಿನ ಬಾನೆ, ನೇಗಿಲಿನ ಮಿಣಿ, ಬಾರುಕೋಲು, ಮನೆಮಂದಿಯ ಕೆರ ಇವಿಷ್ಟನ್ನೂ ವರ್ಷವಿಡೀ ಒದಗಿಸಿದವನಿಗೆ ಸುಗ್ಗಿಯ ಕಣದಲ್ಲಿ ಆಯವೆಂದು ಮೊರದಷ್ಟು ಕಾಳನ್ನು ಸುರಿದು, ಅದೇ ಬಾವಿಯ ನೀರನ್ನು ಮಾತ್ರ ಮುಟ್ಟಗೊಡದ ಸಮಾಜವಿದು. ತೊಗಲನ್ನು ಮುಟ್ಟಿದವನು ಅಸ್ಪೃಶ್ಯ, ತೊಗಲನ್ನು ಮೆಟ್ಟಿದವನು ಶಿಷ್ಟ! ಸಮಗಾರ, ಮಾದಿಗ, ಡೋಹರರ ಮನೆಗಳಿಂದ ಹೆಸರನ್ನು ಮೊದಲು ಕಿತ್ತುಕೊಂಡದ್ದು ಮಿಲಾನಲ್ಲ. ಇಟಲಿಯವರು ಒಂದು ಸಂಜೆ ಮಾಡಿದ್ದನ್ನು ಇಲ್ಲಿಯವರು ಶತಮಾನಗಳುದ್ದಕ್ಕೂ ಮಾಡಿದರು.

ಬೇರೆ ದಾರಿಯೇ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. ರಾಮಾಯಣದಲ್ಲಿ ಭರತನು ಸಿಂಹಾಸನದ ಮೇಲಿಟ್ಟು ಹದಿನಾಲ್ಕು ವರ್ಷ ಪೂಜಿಸಿದ ಪಾದುಕೆಗಳನ್ನು ಮಾಡಿದವನ ಹೆಸರನ್ನು ಆದಿಕವಿಯು ಹೇಳಲಿಲ್ಲ. ಆದರೆ ಕನ್ನಡನಾಡು ಹೇಳಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವುಗಳನ್ನು ಕಾಲಿಗೆ ಮೆಟ್ಟಲೊಪ್ಪದೆ ತಲೆಯ ಮೇಲಿಟ್ಟುಕೊಂಡರೆಂದೂ ಐತಿಹ್ಯವು ಸಾರುತ್ತದೆ. ಆ ಹರಳಯ್ಯನ ಮಗನಿಗೆ ಬ್ರಾಹ್ಮಣನಾಗಿದ್ದ ಮಧುವರಸನು ಮಗಳನ್ನು ಕೊಟ್ಟದ್ದಕ್ಕೆ ರಾಜ್ಯವು ವಿಧಿಸಿದ ಘೋರವಾದ ಶಿಕ್ಷೆಯೂ ಎಲ್ಲರಿಗೂ ತಿಳಿದದ್ದೇ. ಮೆಟ್ಟು ಮಾಡಿದವನನ್ನು ಹೆಸರು ಹಿಡಿದು ಸ್ಮರಿಸುವ ಪಾಠವನ್ನು ಎಂಟು ನೂರು ವರ್ಷಗಳ ಹಿಂದೆಯೇ ಕಲಿತ ನಾಡು, ಅದನ್ನು ಪುರಾಣದಲ್ಲಿ ಉಳಿಸಿಕೊಂಡು ಪೇಟೆಯಲ್ಲಿ ಕಳೆದುಕೊಂಡಿತು.

ಅಥಣಿಯು ದೂರವೆಂದು ಈ ನಾಲ್ಕು ತಾಲ್ಲೂಕುಗಳ ಮನೆಗಳು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಪರೀಕ್ಷೆಯು ಹತ್ತಿರದಲ್ಲಿಯೇ ಇದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಕೂಡುವ ಜನಸ್ತೋಮದಲ್ಲಿ, ಕನ್ನಡಿಯ ಚೂರುಗಳನ್ನೂ ಕವಡೆಗಳನ್ನೂ ಕೂಡಿಸಿ ಹೊಲಿದ ಫೇಟಿಯಾ ಕಾಂಚಳಿಗಳನ್ನು ತೊಟ್ಟ ಲಂಬಾಣಿ ಮುದುಕಿಯರನ್ನು ಕಾಣಬಹುದು. ಅವರ ಮೊಮ್ಮಕ್ಕಳು ಬಹುಮಟ್ಟಿಗೆ ಸೀರೆಗೂ ಚೂಡಿದಾರಿಗೂ ಬಂದಿದ್ದಾರೆ. ಅವರಿಗಿಷ್ಟವಾದದ್ದನ್ನು ಅವರು ಉಟ್ಟರೆ ಆಕ್ಷೇಪಿಸಲು ಯಾರಿಗೂ ಅಧಿಕಾರವಿಲ್ಲ. ಆದರೆ ತಾಂಡಾದ ಹೆಂಗಸು ಸಂತೆಗೆ ತೊಟ್ಟು ಬಂದಾಗ ಊರವರು ಕಣ್ಣೋರೆಮಾಡಿ ನೋಡುತ್ತಿದ್ದ ಅದೇ ಕಸೂತಿಯು ನಗರದ ಅಂಗಡಿಯಲ್ಲಿ ಕೈಚೀಲವಾಗಿಯೋ ಕುಪ್ಪಸವಾಗಿಯೋ ತೂಗಿದಾಗ ಅದು ಅಭಿರುಚಿಯೆನಿಸುತ್ತದೆ. ಜಗಳೂರಿನ ಉತ್ತರಕ್ಕೆ ಕೂಡ್ಲಿಗಿಯನ್ನು ದಾಟಿದರೆ ಸಂಡೂರು. ಅಲ್ಲಿಯ ಲಂಬಾಣಿ ಕಸೂತಿಗೆ ೨೦೧೦ರಲ್ಲಿಯೇ ಭೌಗೋಳಿಕ ಸೂಚಕವು ದೊರೆತಿದೆ. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯು ಕೂಡಿದಾಗ, ಸಂಡೂರು ಕುಶಲಕಲಾ ಕೇಂದ್ರದ ೪೫೦ಕ್ಕೂ ಹೆಚ್ಚು ಹೆಂಗಸರು ಮಾಡಿದ ೧೭೫೫ ಕಸೂತಿಯ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು. ಸಂಖ್ಯೆಯು ದೊಡ್ಡದು, ಸಂತೋಷ. ಆದರೆ ಆ ೪೫೦ ಹೆಸರುಗಳಲ್ಲಿ ಒಂದನ್ನಾದರೂ ಹೇಳಬಲ್ಲ ವಾಚಕರು ಈ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೆ? ಮಿಲಾನಿನ ವಿವರಣೆಯಲ್ಲಿ ಅಥಣಿಯಿಲ್ಲದ್ದಕ್ಕೂ ಇಲ್ಲಿಯ ನಾಲಿಗೆಯ ಮೇಲೆ ಆ ಹೆಸರುಗಳಿಲ್ಲದ್ದಕ್ಕೂ ಏನು ವ್ಯತ್ಯಾಸ?

ಆದುದರಿಂದ ಬೇಕಾದದ್ದು ಕೋಪವಲ್ಲ, ರೂಢಿ. ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಎಷ್ಟೋ ಮದುವೆಗಳಾಗುತ್ತವೆ, ಅಡಿಕೆಯ ಹಣವು ದಾವಣಗೆರೆಯ ಜವಳಿ ಅಂಗಡಿಗಳಿಗೆ ಹರಿಯುತ್ತದೆ. ಮದುಮಗನ ಮೆಟ್ಟನ್ನು ಕೊಳ್ಳುವಾಗ ಇದನ್ನು ಮಾಡಿದವರಾರು, ಯಾವ ಊರಿನವರು, ಎಂದು ಒಮ್ಮೆ ಕೇಳಿದರೆ ಅಂಗಡಿಕಾರನು ಮರುಸಲ ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತಾನೆ. ಕಸೂತಿಯ ಚೀಲವನ್ನು ಕೊಂಡಾಗ ಚೌಕಾಸಿಯನ್ನು ಬಿಟ್ಟರೆ ಯಾವ ಮನೆಯೂ ಬಡವಾಗುವುದಿಲ್ಲ. ಸಾಹಿತ್ಯ ಸಂಘಗಳು ಸಭೆಗಳಲ್ಲಿ ಅತಿಥಿಗೆ ಹೊದಿಸುವ ಶಾಲು ಯಾವ ಮಗ್ಗದ್ದೆಂದು ಸ್ವಾಗತ ಭಾಷಣದಲ್ಲಿ ಒಂದು ವಾಕ್ಯವನ್ನು ಹೇಳಬಹುದು. ಶಾಲೆಯ ವಾರ್ಷಿಕೋತ್ಸವದಲ್ಲಿ ಲಂಬಾಣಿ ನೃತ್ಯಕ್ಕೆಂದು ಬಾಡಿಗೆಯ ಉಡುಪನ್ನು ತರಿಸುವ ಬದಲು, ಪಕ್ಕದ ತಾಂಡಾದಿಂದ ಹೊಲಿಗೆ ಬಲ್ಲ ಅಜ್ಜಿಯೊಬ್ಬಳನ್ನು ಗೌರವದಿಂದ ಕರೆಸಿ, ಮಕ್ಕಳ ಮುಂದೆ ಸೂಜಿಯನ್ನು ಹಿಡಿಸಿ, ತಕ್ಕ ಸಂಭಾವನೆಯನ್ನು ಕೊಟ್ಟು ಕಳುಹಿಸಬಹುದು. ಲಿಡ್ಕರ್ ನಿಗಮವು ಕರ್ನಾಟಕದ್ದೇ ಆದುದರಿಂದ, ಪ್ರಾಡಾದೊಡನೆ ಆದ ಒಪ್ಪಂದದಲ್ಲಿ ಕುಶಲಕರ್ಮಿಗೆ ಸಂದ ಕೂಲಿಯೆಷ್ಟೆಂದು ಪ್ರಕಟಿಸಬೇಕೆಂದು ಶಾಸಕರ ಮೂಲಕ ಕೇಳುವ ಅಧಿಕಾರವೂ ಈ ಸೀಮೆಯ ಮತದಾರರಿಗೆ ಇದೆ.

ಶ್ರೀಮತಿ ಪ್ರಾಡಾ ಅವರ ವಿಷಯದಲ್ಲಿ ತೀರ್ಪು ಹೀಗೆ: ನೈಲಾನಿನಲ್ಲಿ ಆಕೆ ದೊಡ್ಡವರು, ೨೦೧೦ರ ಮಾಲಿಕೆಯಲ್ಲಿ ನ್ಯಾಯವಂತರು, ೨೦೨೫ರ ಮೆಟ್ಟಿನಲ್ಲಿ ಸಾಲಗಾರರು. ಆ ಸಾಲವು ತೀರಿತೋ ಇಲ್ಲವೋ ಎಂಬುದನ್ನು ಅಥಣಿಯ ಜಡೆಹೆಣೆಯುವ ಹೆಂಗಸರು ಹೇಳಬೇಕೇ ಹೊರತು ಮಿಲಾನಿನ ಪತ್ರಿಕೆಗಳಲ್ಲ. ಅಲ್ಲಿಯವರೆಗೆ, ಇಲ್ಲಿಯ ಮನೆಗಳು ತಮ್ಮ ತಮ್ಮ ಹೊಸ್ತಿಲಿನ ಸಾಲದ ಲೆಕ್ಕವನ್ನು ತೆಗೆದು ನೋಡಲಿ.